ಚೇತರಿಕೆ ಅಂದ್ರೆ ಬಿಟ್ಟ ದಿನಗಳ ಲೆಕ್ಕ ಅಷ್ಟೇನಾ? ಭಾನುವಾರದ ಸಭೆಗೆ ಒಂದು ಹಾಳೆ ಬೇಕು

ನಿಟ್ಟುವಳ್ಳಿ ಓದುಗ (ಪ್ರಶ್ನೆ)

ದಾವಣಗೆರೆಯಲ್ಲಿ ಕುಡಿತ ಬಿಟ್ಟವರು, ಬಿಡ್ತಿರೋರು, ಅವರ ಮನೆಯವರು ಭಾನುವಾರ ಬೆಳಗ್ಗೆ ಒಟ್ಟಿಗೆ ಕೂರೋ ಸಣ್ಣ ಸಭೆಗೆ ಒಂದು ಹಾಳೆ ತಯಾರಾಗಬೇಕು. ಎ4 ಸೈಜು, ಒಂದೇ ಪುಟ. ಈಗಿರೋ ಹಾಳೆಯಲ್ಲಿ ಒಂದೇ ಪ್ರಶ್ನೆ ಇದೆ: "ನಿನ್ನ ಪಾಲಿಗೆ ಚೇತರಿಕೆ ಅಂದ್ರೆ ಏನು?" ಹನ್ನೆರಡು ಜನಕ್ಕೆ ಕೊಟ್ಟರೆ ಹನ್ನೆರಡರಲ್ಲೂ ಅದೇ ಉತ್ತರ. ಒಳ್ಳೆ ಮನುಷ್ಯ ಆಗೋದು, ಹೆಂಡ್ತಿ ಮಕ್ಕಳನ್ನ ಚೆನ್ನಾಗಿ ನೋಡ್ಕೊಳ್ಳೋದು. ಸುಳ್ಳು ಅಂತ ಅಲ್ಲ. ಆದರೆ ಅದನ್ನ ಜೇಬಲ್ಲಿಟ್ಕೊಂಡು ಸೋಮವಾರ ಸಂಜೆ ಏನು ಮಾಡ್ಬೇಕು ಅಂತ ಬರೆದವರಿಗೇ ಗೊತ್ತಿರಲ್ಲ.

ಮನೆಯವರದ್ದು ಇನ್ನೊಂದು ಲೆಕ್ಕ. ಗೋಡೆ ಕ್ಯಾಲೆಂಡರ್‌ನಲ್ಲಿ ದಿನ ಎಣಿಸೋದು. ಎಪ್ಪತ್ತನೇ ದಿನ ಒಂದು ಪ್ಯಾಕೆಟ್ ಕುಡಿದರೆ ಎಲ್ಲಾ ಸೊನ್ನೆ, ಹಾಳೆ ಒಲೆಗೆ.

ಹಾಳೆಯಲ್ಲಿ ಏನು ಕೇಳ್ಬೇಕು, ಎಷ್ಟನೇ ದಿನ ಬರೆಸ್ಬೇಕು, ನಡುವೆ ಜಾರಿದರೆ ಏನು ಮಾಡ್ಬೇಕು ಅಂತ ತಿಳಿದವರು ಹೇಳಿ. ಅನುಭವ ಕಥನ ಬೇಡ, ಅದು ಸಭೆಯಲ್ಲೇ ಸಾಕಷ್ಟು ಆಗುತ್ತೆ.

ವಾರ್ಡ್ ಡ್ಯೂಟಿ

ಹಾಳೆಗಿಂತ ಮುಂಚೆ ತಾರೀಕು. ಕೊನೇ ಸಲ ಕುಡಿದಿದ್ದು ಯಾವತ್ತು, ಎಷ್ಟು ಗಂಟೆಗೆ ಅಂತ ಕೇಳದೆ ಯಾರ ಕೈಗೂ ಪೆನ್ನು ಕೊಡ್ಬೇಡಿ.

ದಿನಾ ಕುಡಿಯೋರು ಏಕಾಏಕಿ ನಿಲ್ಲಿಸಿದ್ರೆ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ, ಎದೆ ಡವಡವ ಶುರುವಾಗುತ್ತೆ. ಫಿಟ್ಸ್ ಬರೋದಿದ್ರೆ ಬಹುಪಾಲು ಮೊದಲ 48 ಗಂಟೆಯಲ್ಲಿ. ಅದು ದಾಟಿದ ಮೇಲೆ, 2ರಿಂದ 4ನೇ ದಿನದಲ್ಲಿ, ಇನ್ನೂ ದೊಡ್ಡ ಗಂಡಾಂತರ: ಗೋಡೆ ಮೇಲೆ ಇಲ್ಲದ ಹುಳ ಕಾಣೋದು, ಹಾಸಿಗೆ ಕೆದಕೋದು, ಮನೆಯಲ್ಲೇ ಕೂತು "ಮನೆಗೆ ಹೋಗ್ಬೇಕು ಬಿಡ್ರಿ" ಅನ್ನೋದು, ಜೊತೆಗೆ ಜ್ವರ. ಇದು ಡೆಲಿರಿಯಂ ಟ್ರೆಮೆನ್ಸ್. ಗಾಳಿ ಸೋಕಿದೆ ಅಂತ ಗುಡಿ ಸುತ್ತಿಸೋದರಲ್ಲಿ ಒಂದು ರಾತ್ರಿ ಕಳೆದ್ರೆ ಜೀವ ಹೋಗಬಹುದು.

ಹಿಂದೆ ಒಮ್ಮೆ ಫಿಟ್ಸ್ ಬಂದವರು, ಬೆಳಗ್ಗೆ ಎದ್ದು ಮೊದಲು ಕುಡಿಯದೆ ಟೀ ಲೋಟ ಹಿಡಿಯೋಕಾಗದವರು, ಕಾಮಾಲೆ ಇರೋರು, ವಯಸ್ಸಾದವರು ಮನೆಯಲ್ಲಿ ನಿಲ್ಲಿಸೋ ಪ್ರಯೋಗ ಮಾಡ್ಬಾರದು. ದಾವಣಗೆರೆಯಲ್ಲಾದ್ರೆ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರೋ ಏರ್ಪಾಡು ಮನೋಚೈತನ್ಯ ಕಾರ್ಯಕ್ರಮದಲ್ಲಿದೆ, ಹೋಗೋ ಮುಂಚೆ ಫೋನ್ ಮಾಡಿ ಕೇಳ್ಕೊಳ್ಳಿ. ದಾರಿ ತಿಳಿಯದವರಿಗೆ 14416, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಮಾದಕ ವ್ಯಸನಕ್ಕೇ ಇರೋ ಸಹಾಯವಾಣಿ 14446.

ಡಾಕ್ಟರು ಕೊಡೋದು ಡಯಾಜಿಪಾಮ್ ಅಥವಾ ಕ್ಲೋರ್‌ಡಯಾಜಿಪಾಕ್ಸೈಡ್, ಲಿವರ್ ಕೆಟ್ಟಿದ್ರೆ ಲೊರಾಜಿಪಾಮ್. ಸಾಮಾನ್ಯವಾಗಿ 5ರಿಂದ 10 ದಿನದಲ್ಲಿ ಇಳಿಸ್ತಾ ಇಳಿಸ್ತಾ ನಿಲ್ಲಿಸ್ತಾರೆ. "ಇದರಿಂದ ನಿದ್ದೆ ಚೆನ್ನಾಗಿ ಬಂತು" ಅಂತ ಅದೇ ಚೀಟಿ ತೋರಿಸಿ ಮೂರು ತಿಂಗಳು ತಗೊಂಡ್ರೆ ಒಂದು ಚಟ ಹೋಗಿ ಇನ್ನೊಂದು ಬಂತು ಅಷ್ಟೇ. ಥಯಮಿನ್ (ಅಂದ್ರೆ ಬಿ1) ಮೊದಲ ದಿನಗಳಲ್ಲಿ ಇಂಜೆಕ್ಷನ್ ಆಗಿಯೇ ಬೇಕು, ಕುಡಿತದಿಂದ ಕೆಟ್ಟ ಕರುಳು ಮಾತ್ರೆಯನ್ನ ಸರಿಯಾಗಿ ಹೀರ್ಕೊಳ್ಳಲ್ಲ. ನಮ್ಮ ಕಡೆ ತುಂಬಾ ಆಗೋ ತಪ್ಪು ಒಂದಿದೆ. ಸುಸ್ತು ಅಂತ ಬಂದವನಿಗೆ ಬರೀ ಗ್ಲೂಕೋಸ್ ಬಾಟ್ಲಿ ಏರಿಸಿ ಕಳಿಸೋದು. ಇರೋ ಚೂರುಪಾರು ಥಯಮಿನ್ನೂ ಆ ಗ್ಲೂಕೋಸ್ ಕರಗಿಸೋಕೆ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ನಡಿಗೆ ತೂರಾಡೋದು, ಕಣ್ಣುಗುಡ್ಡೆ ಅದುರೋದು, ಗಲಿಬಿಲಿ, ಈ ಮೂರರಲ್ಲಿ ಒಂದು ಕಂಡ್ರೂ ತಡ ಮಾಡ್ಬೇಡಿ.

ಈಗ ನಿಮ್ಮ ಹಾಳೆ. ಮೊದಲ ವಾರದಲ್ಲಿ ಬರೆಸಿದ್ದು ರದ್ದಿ. ಮಾತ್ರೆಯ ಮಂಪರು, ಮರೆವು, ಅಪರಾಧಭಾವ ಎಲ್ಲಾ ಸೇರಿ, ಎದುರಿಗೆ ಕೂತವರು ಏನು ಕೇಳಬೇಕು ಅಂತಿದ್ದಾರೋ ಅದನ್ನೇ ಬರೀತಾರೆ. ಹದಿನಾಲ್ಕನೇ ದಿನದ ಸುಮಾರಿಗೆ ಒಂದ್ಸಲ, ಆರು ವಾರಕ್ಕೆ ಇನ್ನೊಂದ್ಸಲ ಬರೆಸಿ. ಎರಡನೇದು ಮೊದಲನೇದರ ತರ ಇರಲ್ಲ, ಇರಬೇಕಾಗೂ ಇಲ್ಲ.

ಕಲ್ಲಿನ ಕೋಟೆ

ಚಿತ್ರದುರ್ಗದಿಂದ. ಆಪ್ತಸಮಾಲೋಚನೆ ಕಡೆಯ ಮಾತು.

ನಿಮ್ಮ ಹಾಳೆಯ ಪ್ರಶ್ನೆಯಲ್ಲೇ ತೊಂದರೆ ಇದೆ. "ಚೇತರಿಕೆ ಅಂದ್ರೆ ಏನು" ಅಂತ ಕೇಳಿದ್ರೆ ಆಗಸ್ಟ್ ಹದಿನೈದರ ಭಾಷಣ ಬರುತ್ತೆ. ಅದರ ಬದಲು ಹೀಗೆ ಕೇಳಿ: "ಕುಡಿದಿದ್ದು ಗೊತ್ತಾಗದ ಹಾಗೆ ಏನೇನು ಮಾಡ್ತಿದ್ದೆ?" ಇದಕ್ಕೆ ಯಾರೂ ತಡವರಿಸಲ್ಲ. ಆ ವಿದ್ಯೆಯಲ್ಲಿ ಎಲ್ಲರೂ ಪಂಡಿತರು. ಏಲಕ್ಕಿ, ಗುಟ್ಕಾ. ಏಳು ಗಂಟೆ ಮೇಲೆ ಫೋನ್ ಸೈಲೆಂಟ್. ಸಾಲ ಇರೋ ಕಿರಾಣಿ ಅಂಗಡಿ ಬಂದ್ರೆ ರಸ್ತೆಯ ಆ ಬದಿಗೆ ದಾಟೋದು. ಪ್ಯಾಕೆಟ್ ಬೈಕಿನ ಸೈಡ್ ಬಾಕ್ಸಿನಲ್ಲಿ, ಒರೆಸೋ ಬಟ್ಟೆಯ ಕೆಳಗೆ. ಮಗಳ ಶಾಲೆಯ ಮೀಟಿಂಗ್‌ನಲ್ಲಿ ಕರ್ಚೀಫು ಬಾಯಿಗಿಟ್ಟು, ನೆಗಡಿ ಅಂತ ನೆಪ ಹೇಳಿ, ಟೀಚರ್‌ನಿಂದ ಒಂದು ಹೆಜ್ಜೆ ಹಿಂದೆ ನಿಲ್ಲೋದು.

ಹಾಳೆಯನ್ನ ಉದ್ದಕ್ಕೆ ಮಡಚಿ. ಎಡಗಡೆ ಈ ಮುಚ್ಚಾಟಗಳು, ಆರು ಸಾಕು. ಬಲಗಡೆ ಒಂದೊಂದರ ಎದುರಿಗೆ ಅದರ ಉಲ್ಟಾ. ಕರ್ಚೀಫಿನ ಎದುರಿಗೆ "ಟೀಚರ್ ಮುಂದಿನ ಕುರ್ಚಿಯಲ್ಲಿ ಕೂತು ಮಾತಾಡೋದು". ಕಿರಾಣಿ ಅಂಗಡಿ ಎದುರಿಗೆ "ಇದೇ ಬದಿಯಲ್ಲಿ ನಡೆದು ಹೋಗಿ ಶನಿವಾರ ಇನ್ನೂರು ರೂಪಾಯಿ ಕಟ್ಟೋದು". ಆ ಬಲಗಡೆ ಪಟ್ಟಿಯೇ ಅವನ ಪಾಲಿನ ಚೇತರಿಕೆ. ಇನ್ನೊಬ್ಬನ ಪಟ್ಟಿಗೂ ಅದಕ್ಕೂ ಹೊಂದಲ್ಲ, ನಕಲು ಹೊಡೆಯೋಕೂ ಆಗಲ್ಲ. ಒಂದೇ ಒಂದು ನಿಯಮ: ಪಕ್ಕದಲ್ಲಿ ನಿಂತವರ ಕಣ್ಣಿಗೆ ಕಾಣುವ ಕೆಲಸ ಇರಬೇಕು. "ಮರ್ಯಾದೆಯಿಂದ ಬದುಕೋದು" ಕಣ್ಣಿಗೆ ಕಾಣಲ್ಲ. ಶನಿವಾರದ ಇನ್ನೂರು ಕಾಣುತ್ತೆ. "ಮಾಡಲ್ಲ" ಅನ್ನೋ ವಾಕ್ಯಗಳನ್ನೂ ಹೊಡೆದುಹಾಕಿ. ಜಗಳ ಮಾಡಲ್ಲ, ಸುಳ್ಳು ಹೇಳಲ್ಲ ಅನ್ನೋದನ್ನೆಲ್ಲ ಹಾಸಿಗೆ ಮೇಲೆ ಸುಮ್ನೆ ಬಿದ್ದಿರೋ ಮನುಷ್ಯನೂ ಪಾಲಿಸಬಹುದು.

ಹಾಳೆಯ ಕೆಳಗಿನ ಅರ್ಧ ಸಂಜೆಗೆ ಬಿಡಿ. 6ರಿಂದ 9. ಕುಡಿತ ಹೋದಾಗ ಖಾಲಿಯಾಗೋ ಜಾಗ ಅದು, ಅಲ್ಲಿ ಏನೂ ಇಡದಿದ್ರೆ ಹಳೇದೇ ಬಂದು ಕೂರುತ್ತೆ. ಅರ್ಧ ಗಂಟೆಗೊಂದರಂತೆ ಆರು ಖಾನೆ ಹಾಕಿ. ಮಂಡಕ್ಕಿ ಭಟ್ಟಿಯಲ್ಲಿ ದಿನವಿಡೀ ಬೆಂಕಿ ಮುಂದೆ ನಿಂತವನಿಗೆ ಆರು ಗಂಟೆಗೆ ಆಗೋದು ಬಾಯಾರಿಕೆ, ಹಸಿವು, ಮೈನೋವು. ಮೂರನ್ನೂ ಅವನ ದೇಹ ಒಂದೇ ಹೆಸರಿಂದ ಕರೆಯೋದು ಕಲ್ತಿರುತ್ತೆ. ಆದ್ದರಿಂದ ಮೊದಲ ಖಾನೆಯಲ್ಲಿ ಉಪದೇಶ ಬೇಡ, ಅರ್ಧ ಲೀಟರ್ ಮಜ್ಜಿಗೆಯೋ ನೀರೋ, ಹೊಟ್ಟೆಗೆ ಏನಾದ್ರೂ, ಆಮೇಲೆ ಸ್ನಾನ. ಇದು ಇಷ್ಟೇ ಕ್ರಮದಲ್ಲಿ. ಆಸೆ ಕೆರಳಿದಾಗ ಅದು ಅಲೆಯ ತರ ಏರಿ, ಸಾಮಾನ್ಯವಾಗಿ 20–30 ನಿಮಿಷದಲ್ಲಿ ಇಳಿಯುತ್ತೆ. ತಡ್ಕೊಂಡು ಹಲ್ಲು ಕಚ್ಚೋದಲ್ಲ, ಗಡಿಯಾರ ನೋಡ್ತಾ ದಾಟಿಸೋದು. ಎರಡು ಖಾನೆ ತುಂಬಿದ್ರೆ ಅಲೆ ದಾಟಿತು ಅಂತಲೇ ಲೆಕ್ಕ.

ದಾರಿಯನ್ನೂ ಬರೆಸಿ. ಕೆಲಸದ ಜಾಗದಿಂದ ಮನೆಗೆ ಯಾವ ರಸ್ತೆ, ಅದರಲ್ಲಿ ಎಷ್ಟು ಎಂಆರ್‌ಪಿ ಅಂಗಡಿ. ಒಂದು ಕಿಲೋಮೀಟರ್ ಸುತ್ತಾದ್ರೂ ಬೇರೆ ದಾರಿ ಹಾಳೆಯಲ್ಲಿ ಚಿತ್ರ ಬರೆದಿರಬೇಕು.

"ಬೀರು ತಾನೆ" ಅನ್ನೋರಿಗೆ ಸಣ್ಣ ಗಣಿತವನ್ನ ಹಿಂಬದಿಯಲ್ಲಿ ಅಚ್ಚು ಹಾಕಿಸಿ. ಮಿಲಿಲೀಟರನ್ನ ಶೇಕಡಾವಾರಿಂದ ಗುಣಿಸಿ, ನೂರರಿಂದ ಭಾಗಿಸಿ, ಮತ್ತೆ 0.79ರಿಂದ ಗುಣಿಸಿದ್ರೆ ಆಲ್ಕೋಹಾಲ್ ಎಷ್ಟು ಗ್ರಾಂ ಅಂತ ಬರುತ್ತೆ. ಶೇ 42.8ರ 90 ಎಂಎಲ್ ಪ್ಯಾಕೆಟ್ಟಲ್ಲಿ 30 ಗ್ರಾಂ, 180ರ ಕ್ವಾರ್ಟರ್‌ನಲ್ಲಿ 61. ಶೇ 8ರ ಸ್ಟ್ರಾಂಗ್ ಬೀರು 650 ಎಂಎಲ್ ಬಾಟ್ಲಿಯಲ್ಲಿ 41. ಅಂದ್ರೆ ಆ ಒಂದು ಬೀರು ಪ್ಯಾಕೆಟ್ಟಿಗಿಂತ ಜಾಸ್ತಿ.

ಕೊನೆಗೆ ಜಾರೋದು. ಹಾಳೆಯಲ್ಲಿ ಎರಡು ಸಂಖ್ಯೆಗೆ ಜಾಗ ಇರಲಿ: ಈಗ ನಡೀತಿರೋ ಸರಣಿ ಎಷ್ಟು ದಿನ, ಶುರುವಿಂದ ಒಟ್ಟು ಕುಡಿಯದ ದಿನ ಎಷ್ಟು. ಎಪ್ಪತ್ತನೇ ದಿನ ಜಾರಿದವನ ಮೊದಲ ಸಂಖ್ಯೆ ಸೊನ್ನೆ, ಎರಡನೇದು 69, ಅದನ್ನ ಯಾರೂ ಕಿತ್ಕೊಳ್ಳೋ ಹಾಗಿಲ್ಲ. ಎಲ್ಲಾ ಸೊನ್ನೆ ಆಯ್ತು ಅನ್ನಿಸಿದಾಗಲೇ "ಹೇಗೂ ಹಾಳಾಯ್ತಲ್ಲ" ಅಂತ ಒಂದು ಪ್ಯಾಕೆಟ್ ನಾಲ್ಕಾಗೋದು. ಅಲನ್ ಮಾರ್ಲಾಟ್ ಅನ್ನೋ ಮನಃಶಾಸ್ತ್ರಜ್ಞ ಜಾರುವಿಕೆ ಬೇರೆ, ಮರುಕಳಿಕೆ (ಹಳೇ ಕುಡಿತಕ್ಕೆ ಪೂರ್ತಿ ವಾಪಸ್ ಹೋಗೋದು) ಬೇರೆ ಅಂತ ಗೆರೆ ಎಳೆದಿದ್ದೇ ಈ ಕಾರಣಕ್ಕೆ. ಜಾರಿದ ದಿನ ಬರೆಯಬೇಕಾದ್ದು ನಾಲ್ಕು ಮಾತು: ಎಷ್ಟು ಗಂಟೆ, ಯಾರ ಜೊತೆ, ಜೇಬಲ್ಲಿ ಎಷ್ಟಿತ್ತು, ಕೊನೇ ಊಟ ಯಾವಾಗ. ನಾಲ್ಕನೇದಕ್ಕೆ "ಬೆಳಗ್ಗೆ" ಅಂತ ಎಷ್ಟು ಹಾಳೆಯಲ್ಲಿ ಬರುತ್ತೆ ನೋಡಿ.

ಮೂರನೇ ಕುರ್ಚಿ

ಕೋಟೆಯವರ ಹಾಳೆ ಚೆನ್ನಾಗಿದೆ. ಆದರೆ ದಿನ ಎಣಿಸೋದನ್ನ ಇಷ್ಟು ಹಗುರ ಮಾಡ್ಬೇಡಿ. ಎ.ಎ. (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರೇ ಒಬ್ಬರಿಗೊಬ್ಬರು ನೆರವಾಗೋ ಕೂಟ) ಶುರುವಾಗಿದ್ದು 1935ರಲ್ಲಿ, ಅಮೆರಿಕದ ಆಕ್ರನ್ ಊರಲ್ಲಿ. ಅವತ್ತಿಂದ ಅಲ್ಲಿ ನಡೀತಿರೋ ಅಳತೆ ಒಂದೇ, ಇಪ್ಪತ್ನಾಲ್ಕು ಗಂಟೆ. ಜೀವಮಾನವಿಡೀ ಮುಟ್ಟಲ್ಲ ಅಂತ ಆಣೆ ಇಟ್ಟವನಿಗೆ ಜೀವಮಾನದ ಭಾರ ಇವತ್ತೇ ತಲೆ ಮೇಲೆ. ಇವತ್ತು ರಾತ್ರಿ ಮಲಗೋವರೆಗೆ ಅಂದ್ರೆ ಹೊರಬಹುದು. ತಪ್ಪಿರೋದು ಎಣಿಕೆಯಲ್ಲಲ್ಲ, ಕ್ಯಾಲೆಂಡರ್ ಯಾರ ಗೋಡೆಯಲ್ಲಿದೆ ಅನ್ನೋದರಲ್ಲಿ. ಎಣಿಸೋನು ಅವನೇ ಆಗಿರಬೇಕು.

ಇನ್ನೊಂದು ಮಾತು. ಕುಡಿತ ಇನ್ನೂ ಬಿಡದವರನ್ನ ಹಾಳೆಯಿಂದ ಹೊರಗಿಡಬೇಡಿ. ಎ.ಎ.ಯಲ್ಲಿ ಸದಸ್ಯತ್ವಕ್ಕೆ ಬೇಕಾಗಿರೋದು ಕುಡಿತ ನಿಲ್ಲಿಸಬೇಕು ಅನ್ನೋ ಇಚ್ಛೆ ಮಾತ್ರ, ಶುಲ್ಕವೂ ಇಲ್ಲ, ನಿಲ್ಲಿಸಿರಲೇಬೇಕು ಅಂತಲೂ ಇಲ್ಲ. ಎಡಗಡೆ ಪಟ್ಟಿ ಅವರಿಗೆ ಇನ್ನೂ ಚೆನ್ನಾಗಿ ಗೊತ್ತಿರುತ್ತೆ!

ನಮ್ಮಲ್ಲಿ ಶಿಬಿರಗಳಿವೆ, ಪ್ರತಿಜ್ಞೆಗಳಿವೆ. ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ದುಶ್ಚಟ ಬೇಡಿದವರು, ಅವರ ಹುಟ್ಟಿದ ದಿನ ಆಗಸ್ಟ್ 1 ವ್ಯಸನಮುಕ್ತ ದಿನ. ಜೋಳಿಗೆಗೆ ಪ್ಯಾಕೆಟ್ ಹಾಕಬಹುದು, ಸಂಜೆ ಆರು ಗಂಟೆಯನ್ನ ಹಾಕೋಕಾಗಲ್ಲ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರದವರು ಶಿಬಿರ ಮುಗಿದ ಮೇಲೆ, ಬಿಟ್ಟವರು ಆಮೇಲೂ ಸೇರೋಕೆ, ನವಜೀವನ ಸಮಿತಿ ಅಂತ ಮಾಡೋದು ಅದಕ್ಕೇ. ಸಮಿತಿಗೆ ಹೋಗೋದು ನಿಲ್ಲಿಸಿದವನು ಶಿಬಿರಕ್ಕೆ ಹೋಗಿದ್ದೂ ಅಷ್ಟಕ್ಕಷ್ಟೇ.

ಚನ್ನಗಿರಿ ಅಡಕೆ

ಎಲ್ಲಾ ಸರಿ ಐತ್ರಿ, ಬರೆಯೋಕೇ ಒಪ್ಪದೋರ್ನ ಏನ್ ಮಾಡೋದು? ಗೊತ್ತಾಗ್ದಂಗೆ ಸಾರಲ್ಲಿ ಹಾಕೋ ಮಾತ್ರೆ ಸಿಗ್ತಾವಂತಲ್ಲ, ಅದು ಹಾಕಿದ್ರೆ ಕುಡಿದ ಕೂಡ್ಲೇ ವಾಂತಿ ಆಗಿ ತಾನೇ ಬಿಡ್ತಾನೆ ಅಂತಾರೆ. ಭಾಳ ಮನೇಲಿ ಇದನ್ನೇ ಮಾಡ್ತಾರೆ.

ಔಷಧಿ ಚೀಟಿ

ದಯವಿಟ್ಟು ಹಾಕ್ಬೇಡಿ, ಹಾಕೋರಿಗೂ ಹೇಳಿ. ಅದು ಡೈಸಲ್ಫಿರಾಂ. ಆಲ್ಕೋಹಾಲ್ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗುತ್ತೆ, ಆಮೇಲೆ ಅದು ಒಡೆಯುತ್ತೆ. ಈ ಮಾತ್ರೆ ಆ ಎರಡನೇ ಹೆಜ್ಜೆಗೆ ಬೀಗ ಹಾಕುತ್ತೆ, ವಿಷ ರಕ್ತದಲ್ಲೇ ನಿಲ್ಲುತ್ತೆ. ಮುಖ ಕೆಂಪಾಗೋದು, ತಲೆ ಸಿಡಿಯೋದು, ವಾಂತಿ, ಎದೆಬಡಿತ, ಆಮೇಲೆ ಬಿಪಿ ಕುಸಿಯೋದು. ಹೃದಯ ದುರ್ಬಲ ಇದ್ರೆ ಸಾವೂ ಬರಬಹುದು. ತಗೊಳ್ತಿರೋನಿಗೆ ಗೊತ್ತಿದ್ರೆ ಅವನು ಹೆದರಿ ದೂರ ಇರ್ತಾನೆ, ಮದ್ದು ಕೆಲಸ ಮಾಡೋದೇ ಆ ತಿಳುವಳಿಕೆಯಿಂದ. ಗೊತ್ತಿಲ್ಲದವನು ಎಂದಿನಂತೆ ಪೂರ್ತಿ ಕ್ವಾರ್ಟರ್ ಏರಿಸ್ತಾನೆ. ಎರಡಕ್ಕೂ ಅಜಗಜಾಂತರ.

ಒಪ್ಪಿ ತಗೊಳ್ಳೋರಿಗೂ ಷರತ್ತುಗಳಿವೆ. ಕೊನೇ ಸಲ ಕುಡಿದು ಕನಿಷ್ಠ 12 ಗಂಟೆ ಕಳೆದಿರಬೇಕು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರಬಹುದು, "ಜಾತ್ರೆಗೆ ಮೂರು ದಿನ ಮಾತ್ರೆ ಬಿಟ್ಟಿದ್ದೆ" ಅಂತ ಕುಡಿದು ಬಿದ್ದವರು ಆಸ್ಪತ್ರೆಗೆ ಬರೋದು ಹಾಗೆ. ಆಲ್ಕೋಹಾಲ್ ಬೆರೆತ ಕೆಮ್ಮಿನ ಸಿರಪ್ಪು, ಟಾನಿಕ್, ಹೋಮಿಯೋಪತಿ ಹನಿ ಕೂಡದು. ಭೇದಿಗೆ ಕೊಡೋ ಮೆಟ್ರೊನಿಡಜೋಲ್ ಜೊತೆಯಲ್ಲಿ ಬೇಡವೇ ಬೇಡ, ಚಿತ್ತಭ್ರಮೆ ಆಗಬಹುದು. ಶುರು ಮಾಡೋ ಮುಂಚೆ ಒಮ್ಮೆ, ಎರಡು ವಾರಕ್ಕೆ ಮತ್ತೊಮ್ಮೆ ಲಿವರ್ ಪರೀಕ್ಷೆ.

ಇದೊಂದೇ ಮದ್ದು ಅಂತಲೂ ಇಲ್ಲ. ಆಸೆ ತಗ್ಗಿಸೋಕೆ ನಾಲ್ಟ್ರೆಕ್ಸೋನ್ ದಿನಕ್ಕೆ 50 ಮಿಲಿಗ್ರಾಂ ಇದೆ, ಆದರೆ ಟ್ರಮಡಾಲ್ ತರದ ನೋವಿನ ಮಾತ್ರೆ ತಗೊಳ್ತಿದ್ರೆ ಮೊದಲು ಡಾಕ್ಟರಿಗೆ ಹೇಳಲೇಬೇಕು. ಅಕಾಂಪ್ರೊಸೇಟ್ 333 ಮಿಲಿಗ್ರಾಂನದ್ದು ಎರಡೆರಡು ಮಾತ್ರೆ ದಿನಕ್ಕೆ ಮೂರು ಹೊತ್ತು, 60 ಕೆಜಿ ಒಳಗಿನವರಿಗೆ ಕಡಿಮೆ. ಅದು ಹೊರಹೋಗೋದು ಕಿಡ್ನಿಯಿಂದ, ಹಾಗಾಗಿ ಕ್ರಿಯಾಟಿನಿನ್ (ಕಿಡ್ನಿ ಸ್ಥಿತಿ ತೋರಿಸೋ ರಕ್ತ ಪರೀಕ್ಷೆ) ನೋಡ್ಕೊಂಡೇ ಬರೀತಾರೆ. ಇದರ ಕಷ್ಟ ಮಧ್ಯಾಹ್ನದ ಡೋಸು. ಗದ್ದೆಯಲ್ಲಿ, ಗಾರೆ ಕೆಲಸದಲ್ಲಿ ಇರೋರು ಮರೆಯೋದು ಅದನ್ನೇ, ಬುತ್ತಿ ಡಬ್ಬಿಯಲ್ಲಿ ಇಟ್ಟು ಕಳಿಸಿ.

ಬಲವಂತದ ವಿಷಯ ಬಂದಿದ್ದರಿಂದ ಹೇಳ್ತೀನಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುವಿನಿಂದಾಗೋ ಮಾನಸಿಕ ತೊಂದರೆಗೂ ಅನ್ವಯಿಸುತ್ತೆ. ಸರಪಳಿಯಿಂದ ಕಟ್ಟೋದು ಆ ಕಾಯ್ದೆಯಲ್ಲಿ ನಿಷಿದ್ಧ. ಯಾವುದೇ ಕೇಂದ್ರಕ್ಕೆ ಸೇರಿಸೋ ಮುಂಚೆ ನೋಂದಣಿ ಪತ್ರ ಕೇಳಿ, ಡಾಕ್ಟರು ವಾರಕ್ಕೆ ಎಷ್ಟು ಸಲ ಬರ್ತಾರೆ ಕೇಳಿ, ರಾತ್ರಿ ಫಿಟ್ಸ್ ಬಂದ್ರೆ ಎಲ್ಲಿಗೆ ಕರ್ಕೊಂಡು ಹೋಗ್ತೀರಿ ಕೇಳಿ. ಮೂರನೇ ಪ್ರಶ್ನೆಗೆ ತಡಕಾಡಿದ್ರೆ ವಾಪಸ್ ಬನ್ನಿ.

ವಾರ್ಡ್ ಡ್ಯೂಟಿ

ಚನ್ನಗಿರಿಯವರೇ, ಬರೆಯೋಕೆ ಒಪ್ಪದವರು ರಕ್ತ ಪರೀಕ್ಷೆಗೆ ಒಪ್ಪೋದುಂಟು. ಜಿಜಿಟಿ ಅನ್ನೋ ಲಿವರ್ ಕಿಣ್ವ ಕುಡಿತ ನಿಂತ ಎರಡರಿಂದ ಆರು ವಾರದಲ್ಲಿ ಇಳಿಯುತ್ತೆ. ಕೆಂಪು ರಕ್ತಕಣದ ಗಾತ್ರ ತೋರಿಸೋ ಎಂಸಿವಿ ಸರಿಯಾಗೋಕೆ ಮೂರು ತಿಂಗಳಾದ್ರೂ ಬೇಕು, ಒಂದು ಕಣದ ಆಯುಸ್ಸೇ ಸುಮಾರು 120 ದಿನ, ಹಳೇ ಕಣ ಸತ್ತು ಹೊಸದು ಬರಬೇಕಲ್ಲ. ಅವನ ಕೈಗೇ ರಿಪೋರ್ಟ್ ಕೊಡಿ. ಮನೆಯವರು ಅದನ್ನ ಪೊಲೀಸ್ ತರ ಬಳಸಿದ್ರೆ ಮುಂದಿನ ಸಲ ರಕ್ತ ಕೊಡಲ್ಲ.

ಕೋಟೆಯವರು ಸಂಜೆ ಹೊಟ್ಟೆಗೆ ಏನಾದ್ರೂ ಅಂದ್ರು. ದಾವಣಗೆರೆಯಲ್ಲಿ ಆರು ಗಂಟೆಗೆ ಏನಾದ್ರೂ ಅಂದ್ರೆ ಮಂಡಕ್ಕಿ ಮಿರ್ಚಿ. ಪ್ಯಾಕೆಟ್ ಜೊತೆ ನಂಜ್ಕೊಳ್ತಿದ್ದಿದ್ದೂ ಅದೇ. ಎಣ್ಣೆಯಲ್ಲಿ ಮಿರ್ಚಿ ಬೇಯೋ ವಾಸನೆಗೇ ಬಾಯಲ್ಲಿ ನೀರಿನ ಜೊತೆ ಇನ್ನೊಂದು ಆಸೆಯೂ ಬರುತ್ತೆ. ಮೊದಲ ಮೂರು ತಿಂಗಳು ಸಂಜೆಗೆ ಉಪ್ಪಿಟ್ಟು, ಬಾಳೆಹಣ್ಣು, ಮನೆಯಲ್ಲಿರೋ ರೊಟ್ಟಿ. ಮಿರ್ಚಿ ತಿನ್ನಲೇಬೇಕು ಅಂದ್ರೆ ಬೆಳಗ್ಗೆ ಹನ್ನೊಂದಕ್ಕೆ ಟೀ ಜೊತೆ.

ಕಲ್ಲಿನ ಕೋಟೆ

ಒಪ್ಪಿದೆ, ಅದು ನನಗೆ ಹೊಳೆದಿರಲಿಲ್ಲ. ಅದೇ ತರ್ಕದಲ್ಲಿ ವರ್ಷದ ಕ್ಯಾಲೆಂಡರನ್ನೂ ಹಾಳೆಗೆ ಸೇರಿಸಿ. ಶನಿವಾರದ ಬಟವಾಡೆ ಎಲ್ಲರಿಗೂ ಗೊತ್ತು. ರೈತರಿಗೆ ಮೆಕ್ಕೆಜೋಳ ಎಪಿಎಂಸಿಗೆ ಹೋಗೋ ದಿನ ಇನ್ನೂ ದೊಡ್ಡದು, ಆರು ತಿಂಗಳ ದುಡ್ಡು ಒಂದೇ ಮಧ್ಯಾಹ್ನ ಕೈಗೆ, ಜೊತೆಗೆ ಲಾರಿಯಲ್ಲಿ ಬಂದ ನಾಲ್ಕು ಜನ. ದುಡ್ಡು ಬ್ಯಾಂಕ್ ಖಾತೆಗೇ ಹೋಗೋ ಹಾಗೆ ಮೊದಲೇ ಹೇಳಿಡಬೇಕು. ಎರಡು ವರ್ಷಕ್ಕೊಮ್ಮೆ ಬರೋ ದುಗ್ಗಮ್ಮನ ಜಾತ್ರೆಗೆ ಮನೆ ತುಂಬಾ ನೆಂಟರು, ಬಾಡೂಟ. "ಇವತ್ತೊಂದಿನ" ಅನ್ನೋ ಬಾವನಿಗೆ ಕೊಡಬೇಕಾದ ಉತ್ತರವನ್ನ ಹಾಳೆಯಲ್ಲಿ ಒಂದು ಸಾಲಲ್ಲಿ ಬರೆದು, ಸಭೆಯಲ್ಲಿ ಜೋರಾಗಿ ಮೂರು ಸಲ ಹೇಳಿಸಿ. "ಮಾತ್ರೆ ನಡೀತಿದೆ, ಆಗಲ್ಲ" ಸಾಕು. ಕಾರಣ ವಿವರಿಸೋಕೆ ಹೋದವನು ವಾದದಲ್ಲಿ ಸೋಲ್ತಾನೆ.

ಮರುಪರಿಶೀಲನೆಗೆ ಮೂರು ತಿಂಗಳು, ಹನ್ನೆರಡು ತಿಂಗಳು ಅಂತ ತಾರೀಕು ಹಾಕಿ. ವೈದ್ಯರೂ ಮೊದಲ ಹಂತದ ಚಟಮುಕ್ತಿ, ನೆಲೆನಿಂತ ಚಟಮುಕ್ತಿ ಅಂತ ಗುರುತಿಸೋದು ಅಲ್ಲಿಂದಲೇ.

ನಿಟ್ಟುವಳ್ಳಿ ಓದುಗ

ಹಾಳೆ ಬದಲಾಯ್ತು. ಮಡಿಕೆ ಗೆರೆ, ಎಡ-ಬಲ ಆರಾರು ಸಾಲು, ಕೆಳಗೆ ಆರು ಖಾನೆ, ಮೂಲೆಯಲ್ಲಿ ಎರಡು ಸಂಖ್ಯೆ, ಹಿಂದೆ ದಾರಿ ನಕ್ಷೆ ಮತ್ತು ಗ್ರಾಂ ಲೆಕ್ಕ. ಚೇತರಿಕೆ ಅನ್ನೋ ಪದವನ್ನೇ ಮೇಲಿಂದ ತೆಗೆದಿದೆ. ಒಂದೇ ತೊಡಕು ಉಳಿದಿದೆ: ಹನ್ನೆರಡರಲ್ಲಿ ಮೂವರಿಗೆ ಓದು ಬರಹ ಬರಲ್ಲ. ಹೆಂಡತಿ ಕೈಲಿ ಬರೆಸಿದ್ರೆ ಎಡಗಡೆ ಪಟ್ಟಿ ಖಾಲಿ ಇರುತ್ತೆ.

ಮೂರನೇ ಕುರ್ಚಿ

ಅವರ ಫೋನಲ್ಲೇ, ಅವರ ದನಿಯಲ್ಲೇ ರೆಕಾರ್ಡ್ ಮಾಡಿಸಿ. ಎಡಗಡೆ ಪಟ್ಟಿ ಬೇರೆ ಫೈಲು, ಅದು ಯಾರಿಗೂ ಕೇಳಿಸಬೇಕಾಗಿಲ್ಲ. ಬಲಗಡೆಯದ್ದು ಒಂದು ನಿಮಿಷ ಮೀರದ ಹಾಗೆ, ಹಿಂದೆ ಟಿವಿ ಸದ್ದು ಇಲ್ಲದ ಕಡೆ ಕೂತು. ಅದನ್ನ ಸಂಜೆ ಐದೂ ಮುಕ್ಕಾಲಿನ ಅಲಾರಾಂಗೆ ದನಿಯಾಗಿ ಹಾಕಿಕೊಡಿ. ಆರಕ್ಕೆ ಇಡಬೇಡಿ, ಅಷ್ಟೊತ್ತಿಗೆ ಬೈಕು ಸ್ಟಾರ್ಟ್ ಆಗಿರುತ್ತೆ.